ಪರದೇಶಿ ಅತಿಥಿಗೆ ಸೇವ್‌ದತ್‌ನ ಸಲಹೆಗಳು

ಸೇವ್‌ದತ್ ಮಿನಿಬಸ್ ಓಡಿಸುತ್ತಿದ್ದುದು ಹೊಟ್ಟೆಪಾಡಿಗೆ. ಸಲಹೆ ಕೊಡುತ್ತಿದ್ದುದು ಆತ್ಮಸಂತೋಷಕ್ಕೆ. ಹಿಂದಿನ ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಶುರುಮಾಡಿದ ಮೇಲಂತೂ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಸುರಿನಾಮಿಗೆ ಬಂದವರು ಸುಖವಾಗಿ ಮರಳಬೇಕಾದರೆ ತನ್ನ ಮಾತು ಕೇಳಿಕೊಂಡೇ ಮರಳಬೇಕು ಎಂದು ಅವನು ನಂಬಿದ್ದ.

ಶನಿವಾರ ಸಂಜೆ ಹಾಲೆಂಡಿನಿಂದ ಬಂದಿಳಿದ ಮೀಕೆ ಎಂಬ ಹುಡುಗಿಗೆ ಬೆನ್ನಿನ ಚೀಲ ಇಳಿಸಲೂ ಪುರುಸೊತ್ತು ಕೊಡಲಿಲ್ಲ.

"ನೋಡಮ್ಮಾ, ಇಲ್ಲಿ ಬಸ್ಸು ಹೊರಡೋದು ಗಡಿಯಾರ ನೋಡಿ ಅಲ್ಲ, ಸೀಟು ತುಂಬಿದಾಗ. ರಸ್ತೆ ದಾಟೋವಾಗ ಮೊದಲು ಬಲಕ್ಕೆ ನೋಡು. ಹೊತ್ತು ಮುಳುಗೋಕೆ ಮುಂಚೆ ತುಂಬು ತೋಳಿನ ಅಂಗಿ ಹಾಕ್ಕೋ, ಇಲ್ಲಾಂದ್ರೆ ಸೊಳ್ಳೆ ಎತ್ಕೊಂಡೇ ಹೋಗ್ತವೆ. ಗುರುತಿಲ್ಲದೋರಿಗೆ ಬಾಗಿಲು ತೆಗೀಬೇಡ. 'ನಾನೇ ಸೇವ್‌ದತ್' ಅಂದ್ರೂ ತೆಗೀಬೇಡ, ಧ್ವನಿ ಕದಿಯೋ ಕಳ್ಳರಿದ್ದಾರೆ. ಮೊದಲು ಈ ಮೀಸೆ ನೋಡು, ಆಮೇಲೆ ಚಿಲಕ ತೆಗಿ." ಮೀಸೆಯನ್ನು ಹುರಿಮಾಡಿ ಮತ್ತೆ ಮುಂದುವರಿಸಿದ. "ಇನ್ನೊಂದು ಮಾತು. ನಮ್ಮ ಜನಕ್ಕೆ ಸಂಕೋಚ ಜಾಸ್ತಿ, ಬಾಯಿಬಿಟ್ಟು ಕೇಳಲ್ಲ. ಕಷ್ಟದಲ್ಲಿರೋರು ಕಂಡ್ರೆ ಕೇಳದೇನೇ ಸಹಾಯ ಮಾಡಿಬಿಡು."

ಮೀಕೆ ಪ್ರತಿ ಮಾತಿಗೂ ತಲೆಯಾಡಿಸಿದಳು. ಕೊನೆಗೂ ಒಬ್ಬಳು ಕಿವಿಗೊಟ್ಟು ಕೇಳಿದಳಲ್ಲ ಎಂದು ಸೇವ್‌ದತ್‌ಗೆ ಕಣ್ಣು ತುಂಬಿ ಬಂತು.

ಭಾನುವಾರ ಬೆಳಗ್ಗೆ ಎದ್ದು ಜಗಲಿಗೆ ಬಂದರೆ ಅವನು ಮುದ್ದಿನಿಂದ ಸಾಕಿದ್ದ ಹಾಡುಹಕ್ಕಿ ತ್ವಾತ್ವಾದ ಪಂಜರ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಒಳಗೆ ಕಾಳಿತ್ತು, ನೀರಿತ್ತು, ಹಕ್ಕಿ ಇರಲಿಲ್ಲ.

"ಪಾಪ, ಎಷ್ಟು ಕಷ್ಟದಲ್ಲಿತ್ತು ಗೊತ್ತಾ?" ಮೀಕೆ ಹಿಂದಿನಿಂದ ಬಂದು ಹೇಳಿದಳು. "ನೀವು ಹೇಳಿದ ಹಾಗೇ, ಕೇಳದೇನೇ ಸಹಾಯ ಮಾಡಿಬಿಟ್ಟೆ." ಅಷ್ಟು ಹೇಳಿ ಊರು ನೋಡಲು ಹೊರಟೇಹೋದಳು.

ಸೇವ್‌ದತ್ ಕೂಗಾಡುತ್ತಾ ಅಂಗಳಕ್ಕೆ ಓಡಿ ಮರಗಳತ್ತ ನೋಡಿದ. ಆ ದಿನ ಚೌಕದಲ್ಲಿ ಹಕ್ಕಿ ಹಾಡಿನ ಪಂದ್ಯ. ಎದುರಾಳಿ ಬೇರೆ ಯಾರೂ ಅಲ್ಲ, ಪಕ್ಕದ ಮನೆಯ ನಿವೃತ್ತ ಪೊಲೀಸ್ ಲುಡ್ವಿಗ್. ಯಾರ ಹಕ್ಕಿ ಸೋಲುತ್ತದೋ ಅವನು ಚೌಕದಲ್ಲೇ ಮೀಸೆ ಬೋಳಿಸಿಕೊಳ್ಳಬೇಕು ಎಂದು ಇಬ್ಬರೂ ಊರೆಲ್ಲ ಕೇಳುವಂತೆ ಪಣ ಕಟ್ಟಿದ್ದರು. ಹಕ್ಕಿಯನ್ನೇ ತರದವನು ಸೋತ ಹಾಗೆಯೇ.

"ನಾಲಿಗೆ ಸ್ವಲ್ಪ ಹಿಡಿತದಲ್ಲಿಟ್ಕೊಳ್ಳಿ ಅಂತ ಬಡ್ಕೊಂಡೆ," ಎಂದಳು ಹೆಂಡತಿ ರಾಜವಂತಿ. "ಈಗ ನೀವೇ ಪಂಜರದೊಳಗೆ ಕೂತ್ಕೊಂಡು ಹಾಡಿ!"

ಸದ್ದು ಕೇಳಿ ಎದುರುಮನೆಯ ಸಾರಿನೆಮ್ ಅಜ್ಜಿ ಬಂದಳು. ಊರಿಗೆಲ್ಲ ಸಲಹೆ ಕೊಡುವವನಿಗೆ ಸಲಹೆ ಕೊಡುವ ಅವಕಾಶವನ್ನು ಅವಳು ಬಿಟ್ಟಾಳೆಯೇ?

"ಮಾಡಿನ ಮೇಲೆ ಪಂಜರ ಇಡೋ ದಡ್ಡಾ. ಬಾಗಿಲು ತೆಗ್ದಿರಲಿ. ಸಾಕಿದ ಹಕ್ಕಿ ಹಸಿವಾದ್ರೆ ಕಾಳಿಗೆ ಬಂದೇ ಬರತ್ತೆ. ನೀನು ಮಾತ್ರ ಬಾಯಿ ಮುಚ್ಕೊಂಡಿರು."

ಸೇವ್‌ದತ್ ತಗಡಿನ ಮಾಡು ಹತ್ತಿದ. ಒಮ್ಮೆ ಜಾರಿ ಗಟಾರಕ್ಕೆ ಬಿದ್ದ. ಮತ್ತೆ ಹತ್ತಿ ಪಂಜರ ಇಟ್ಟು ನೀರಿನ ಟ್ಯಾಂಕಿನ ಹಿಂದೆ ಉಸಿರು ಬಿಗಿಹಿಡಿದು ಕೂತ. ಬಿಸಿಲೇರುವ ಹೊತ್ತಿಗೆ ಒಂದು ಕಪ್ಪು ತ್ವಾತ್ವಾ ಹಾರಿ ಬಂದು, ಅತ್ತಿತ್ತ ನೋಡಿ, ಸೀದಾ ಪಂಜರದೊಳಗೆ ಹೋಗಿ ಕಾಳು ಕುಟುಕತೊಡಗಿತು. ಅವನು ಬಾಗಿಲು ಜಡಿದು, ಬಟ್ಟೆ ಮುಚ್ಚಿ, ಕೆಸರು ಷರಾಯಿಯಲ್ಲೇ ಚೌಕಕ್ಕೆ ಓಡಿದ.

ಲುಡ್ವಿಗ್ ಕೂಡ ಆಗಷ್ಟೇ ಏದುಸಿರು ಬಿಡುತ್ತಾ ಬಂದಿದ್ದ.

"ಏನಯ್ಯಾ ಸೇವ್‌ದತ್, ಮೀಸೆಗೆ ಕೊನೇ ಸಲ ಎಣ್ಣೆ ಹಚ್ಚಿದ್ಯಾ?"

"ನಿನ್ನ ಮೀಸೆ ಚಿಂತೆ ನೀನು ಮಾಡಯ್ಯ!"

ಪಂಜರಗಳನ್ನು ಎದುರುಬದುರು ಕಂಬಗಳಿಗೆ ನೇತುಹಾಕಿ ಬಟ್ಟೆ ತೆಗೆದರು. ಸೇವ್‌ದತ್‌ನ ಹಕ್ಕಿ ಸಾಲ ಕೊಟ್ಟವನನ್ನು ಕಂಡವರಂತೆ ಮೂಲೆ ಹಿಡಿದು ಕೂತಿತು. ಲುಡ್ವಿಗ್‌ನದು ಕತ್ತು ಎತ್ತಿ ಹಾಡಿತು. ಹಾಡಿತು, ಮತ್ತೆ ಹಾಡಿತು, ಪ್ರತಿ ಸಲವೂ ಕೊನೆಯಲ್ಲಿ ಒಂದು ಪುಟ್ಟ ಕೊಂಕು ಎಳೆಯಿತು.

ಸೇವ್‌ದತ್ ಕಿವಿ ನಿಮಿರಿಸಿದ. ಆ ಕೊಂಕನ್ನು ದಿನಾ ಬೆಳಗ್ಗೆ ಶಿಳ್ಳೆ ಹಾಕಿ ಕಲಿಸಿದವನು ಅವನೇ.

"ಅಯ್ಯೋ, ಅದು ನನ್ನ ಹಕ್ಕಿ!"

ತೀರ್ಪುಗಾರ ತಿರುಗಿ ನೋಡಿದ. "ಹಾಗಾದ್ರೆ ನಿನ್ನ ಪಂಜರದಲ್ಲಿರೋದು ಯಾರದ್ದು? ಬೇರೆಯವರ ಹಕ್ಕಿ ತಂದೋರು ಜನ್ಮದಲ್ಲಿ ಮತ್ತೆ ಈ ಚೌಕಕ್ಕೆ ಕಾಲಿಡೋ ಹಾಗಿಲ್ಲ, ಗೊತ್ತು ತಾನೆ?"

ಸೇವ್‌ದತ್ ಬಾಯಿ ಮುಚ್ಚಿಕೊಂಡ. ಬದುಕಿನಲ್ಲಿ ಮೊದಲ ಸಲ.

ಕ್ಷೌರಿಕ ಸೋಪು ಹಚ್ಚುವಾಗ ಲುಡ್ವಿಗ್ ಕಿವಿಯ ಹತ್ತಿರ ಬಗ್ಗಿದ. "ನಿನ್ನ ಅತಿಥಿ ಬರೀ ನಿನ್ನ ಮನೇಲಿ ಪುಣ್ಯ ಕಟ್ಕೊಳ್ಳಲಿಲ್ಲ ಮಾರಾಯಾ. ನನ್ನ ಪಂಜರಾನೂ ತೆಗ್ದಿಟ್ಟಿದ್ಳು. ನಾನೂ ಮಾಡು ಹತ್ತಿದೆ. ಬಂದದ್ದು ನಂದೇ ಅಂದ್ಕೊಂಡೆ, ದೇವರಾಣೆ. ಅದು ಹಾಡೋಕೆ ಬಾಯಿ ಬಿಟ್ಟಾಗಲೇ ಗೊತ್ತಾಗಿದ್ದು."

"ಅಂದ್ರೆ ಗೆದ್ದಿದ್ದು ನನ್ನ ಹಕ್ಕಿ! ಸೋತಿದ್ದು ನಿಂದು!"

"ಮೆಲ್ಲಗೆ! ಹಿಂದಿರುಗೋವಾಗ ದಾರೀಲಿ ಬದಲಾಯಿಸ್ಕೊಳ್ಳೋಣ."

"ಮೀಸೆ?"

"ಅದನ್ನ ಹೇಗಯ್ಯಾ ಬದಲಾಯಿಸೋದು?"

ಪಂದ್ಯ ನೋಡಲು ಬಂದಿದ್ದ ರಾಜವಂತಿ ಸೇವ್‌ದತ್‌ನ ಬೋಳು ಮುಖ ನೋಡಲಾರೆನೆಂದು ಚೌಕದಿಂದಲೇ ತಂಗಿಯ ಮನೆಗೆ ಹೋದಳು. ಜನರ ಕಣ್ಣು ತಪ್ಪಿಸಿ ಅಲೆದು, ಹೊತ್ತು ಮುಳುಗುವಾಗ ಅವನು ತನ್ನ ಹಕ್ಕಿಯೊಂದಿಗೆ ಮನೆ ಮುಟ್ಟಿದ. ಬಾಗಿಲು ಒಳಗಿನಿಂದ ಹಾಕಿತ್ತು.

"ಮೀಕೆ, ಬಾಗಿಲು ತೆಗಿಯಮ್ಮಾ. ನಾನು ಸೇವ್‌ದತ್."

ಕಿಟಕಿಯ ಪರದೆ ಸ್ವಲ್ಪ ಸರಿದು ಮತ್ತೆ ಮುಚ್ಚಿತು. "ಸೇವ್‌ದತ್ ಅವರಿಗೆ ದೊಡ್ಡ ಮೀಸೆ ಇದೆ."

"ಬೋಳಿಸಿಬಿಟ್ರಮ್ಮಾ! ಧ್ವನಿ ಕೇಳು, ನಂದೇ ಅಲ್ವಾ?"

"ಧ್ವನಿ ಕದಿಯೋ ಕಳ್ಳರ ಬಗ್ಗೆ ಅವರೇ ಹೇಳಿದ್ದಾರೆ. ಹೋಗ್ತೀರೋ, ಪಕ್ಕದ ಮನೆ ಪೊಲೀಸರನ್ನ ಕರೀಲೋ?"

"ಕರಿ, ಕರಿ! ಲುಡ್ವಿಗ್, ನಾನು ಯಾರು ಅಂತ ನೀನಾದ್ರೂ ಹೇಳೋ!"

ಲುಡ್ವಿಗ್ ತನ್ನ ಜಗಲಿಯಲ್ಲಿ ನಿಂತು, ಮೀಸೆ ತಿರುವುತ್ತಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಈ ಮನುಷ್ಯನನ್ನ ನಾನು ಕಂಡೇ ಇಲ್ಲಮ್ಮಾ. ಇನ್ನೊಂದು ಚಿಲಕ ಇದ್ರೆ ಅದನ್ನೂ ಹಾಕ್ಕೋ."

ಒಳಗೆ ಇನ್ನೊಂದು ಚಿಲಕ ಬಿದ್ದ ಸದ್ದಾಯಿತು. ಅರ್ಧ ತೋಳಿನ ಅಂಗಿಯಲ್ಲಿ ಸೇವ್‌ದತ್ ಮೆಟ್ಟಿಲ ಮೇಲೆ ಕುಳಿತ. ಅವನು ಹೇಳಿದ್ದ ಹೊತ್ತಿಗೆ ಸರಿಯಾಗಿ ಸೊಳ್ಳೆಗಳು ಬಂದವು.