ಹೊಳೆ ಬಂತು, ಉಪ್ಪು ಹೋಯ್ತು

ಮೇಲೆ ಮಲೆನಾಡಲ್ಲಿ ಮಳೆ ಜೋರಾಗಿ ಡ್ಯಾಮಿನ ಗೇಟು ತೆಗೆದರೆಂದರೆ ನಮ್ಮ ಹೊನ್ನಾಳಿಯಲ್ಲಿ ಹೊಳೆ ಏರುತ್ತದೆ. ಹೊಳೆ ಏರಿದರೆ ತಲೆ ಕೆಡುವುದು ದಂಡೆಯ ಮೇಲಿನವರಿಗಲ್ಲ. ಅವರಿಗೆ ರೂಢಿಯಾಗಿದೆ. ಗಂಟುಮೂಟೆ ಕಟ್ಟಿಕೊಂಡು ಶಾಲೆಯ ಕಾಳಜಿ ಕೇಂದ್ರಕ್ಕೆ ಹೋಗುತ್ತಾರೆ, ನೀರು ಇಳಿದ ಮೇಲೆ ಬಂದು ಕೆಸರು ಬಾಚಿ ಮತ್ತೆ ಒಲೆ ಹಚ್ಚುತ್ತಾರೆ. ತಲೆ ಕೆಡುವುದು ಹೊಳೆಯ ಮುಖವನ್ನೇ ನೋಡದ ಊರುಗಳ ಕಿರಾಣಿ ಅಂಗಡಿಗಳಲ್ಲಿ. ಒಂದು ವರ್ಷ ಮೇಣದಬತ್ತಿ ಮಾಯವಾಗುತ್ತದೆ, ಇನ್ನೊಂದು ವರ್ಷ ಬೆಂಕಿಪೊಟ್ಟಣ. ಯಾಕೆ ಎಂದು ಕೇಳಿದರೆ ಕೊಂಡವರಿಗೂ ಗೊತ್ತಿರುವುದಿಲ್ಲ, ಮಾರಿದವರಿಗೂ ಗೊತ್ತಿರುವುದಿಲ್ಲ.

ನಾನು ದಾವಣಗೆರೆಯ ಒಬ್ಬ ಹೋಲ್‌ಸೇಲ್ ಸಾಹುಕಾರರ ಕಡೆ ಲೈನ್ ಸೇಲ್ಸ್‌ಮನ್. ಲೈನ್ ಅಂದರೆ ದಿನಕ್ಕೊಂದು ಊರಿನಂತೆ ವ್ಯಾನಿನಲ್ಲಿ ಉಪ್ಪು, ಸೋಪು, ಬೆಂಕಿಪೊಟ್ಟಣ ತುಂಬಿಕೊಂಡು ಹೋಗಿ ಅಂಗಡಿಗಳಿಗೆ ಹಾಕಿ ಬರುವುದು. ನ್ಯಾಮತಿ, ಚನ್ನಗಿರಿ, ಜಗಳೂರು, ಹೊನ್ನಾಳಿ ನನ್ನ ಪಾಲಿನ ಊರುಗಳು. ನಾನು ಹೇಳುತ್ತಿರುವ ವರ್ಷ ಮಾಯವಾಗಿದ್ದು ಉಪ್ಪು. ಅದೂ ನನ್ನ ನಾಲ್ಕು ಊರುಗಳಲ್ಲೇ. ಸಾಹುಕಾರರು ಉಪ್ಪು ಬಚ್ಚಿಟ್ಟಿದ್ದಾರೆಂದು ಯಾರೋ ದೂರು ಕೊಟ್ಟು, ಅಧಿಕಾರಿಗಳು ಬಂದು ಗೋದಾಮನ್ನೆಲ್ಲ ತಡಕಾಡಿದರು. ಕೊನೆಗೆ ಅವರಿಗೆ ಸಿಕ್ಕಿದ್ದು ಸೋಪಿನ ಡಬ್ಬಗಳ ಹಿಂದೆ ಮರಿ ಹಾಕಿದ್ದ ಒಂದು ಬೆಕ್ಕು.

ಸಾಹುಕಾರರಿಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಅವತ್ತೇ ನನಗೆ ಫೋನ್ ಬಂತು.

"ಬೆಂಕಿ ಬಿದ್ದಿರೋದು ನಿನ್ನ ಲೈನಿನಾಗೆ. ಉಪ್ಪು ಇಲ್ಲ ಅಂತ ಮೊದಲು ಅಂದೋರು ಯಾರು, ಅದನ್ನ ತಿಳ್ಕಂಡು ಬಾ. ಇಲ್ಲಾಂದ್ರೆ ಈ ಲೈನು ಬೇರೆಯವ್ರಿಗೆ ಕೊಡ್ತೀನಿ, ನೀನು ಮನ್ಯಾಗಿರು."

ನನಗೆ ಬೇರೆ ಕಸುಬು ಗೊತ್ತಿಲ್ಲ. ಲೈನು ಹೋದರೆ ಹೊಟ್ಟೆಗೇ ಹೊಡೆತ. ಖಾಲಿ ವ್ಯಾನು ತೆಗೆದುಕೊಂಡು ಸುದ್ದಿಯ ಹುಟ್ಟೂರು ಹುಡುಕಿಕೊಂಡು ಹೊರಟೆ.

ಮಳೆಗೆ ನಿಂತವನು

ಮೊದಲು ನ್ಯಾಮತಿ. ಜಿಟಿಜಿಟಿ ಮಳೆ. ನನ್ನ ಹಳೇ ಗಿರಾಕಿಯೊಬ್ಬರ ಅಂಗಡಿಯ ಷಟರ್ ಎಳೆದಿದೆ, ಅವರು ಊಟಕ್ಕೆ ಹೋಗಿದ್ದಾರೆ. ಷಟರ್ ಮುಂದೆ ಮಾತ್ರ ದೊಡ್ಡ ಸಾಲು. ಸಾಲಿನ ಬಾಲದಲ್ಲಿ ಕೊಡೆ ಹಿಡಿದು ನಿಂತಿದ್ದ ಮೇಷ್ಟ್ರನ್ನು, ಏನು ಕೊಡ್ತಾರೆ ಸಾರ್ ಎಂದು ಕೇಳಿದೆ. ಗೊತ್ತಿಲ್ಲ, ಆದರೆ ಮುಗಿಯೋದರೊಳಗೆ ತಗೋಬೇಕು ಎಂದರು. ಅವರ ಮುಂದಿನವರು ಉಪ್ಪು ಅಂದರು, ಅವರ ಮುಂದಿನ ಹೆಣ್ಣುಮಗಳು ಸೀಮೆಎಣ್ಣೆ ಅಂದಳು. ಸೀಮೆಎಣ್ಣೆ ಅಂಗಡಿಯಲ್ಲಿ ಸಿಗದೆ ಎಷ್ಟೋ ಕಾಲವಾಗಿದೆ. ಅದನ್ನು ಹೇಳಿದ್ದಕ್ಕೆ, ಅದಕ್ಕೇ ಅಲ್ವಾ ಇಷ್ಟು ರಶ್ಶು ಎಂದು ನನಗೇ ಗದರಿದಳು.

ಸಾಲಿನ ಮೊದಲಿಗನಿಗಾದರೂ ನಿಜ ಗೊತ್ತಿರಬೇಕಲ್ಲ, ಅವನೇ ಸುದ್ದಿ ತಂದವನಿದ್ದರೂ ಇರಬಹುದು ಎಂದು ಮುಂದಕ್ಕೆ ಹೋಗಿ ವಿಚಾರಿಸಿದೆ. ಅವನು ಕಣ್ಣುಕಣ್ಣು ಬಿಟ್ಟ. "ನಾನು ಸವಳಂಗದ ಬಸ್ಸಿಗೆ ಬಂದೋನ್ರಿ. ಮಳೆ ಬಂತು ಅಂತ ಇಲ್ಲಿ ನಿಂತೀನಿ. ಇವ್ರೆಲ್ಲ ಯಾಕೆ ನನ್ನ ಹಿಂದೆ ಬಂದು ನಿಂತ್ರು ಅಂತ ನಂಗೂ ಅರ್ಥ ಆಗ್ಲಿಲ್ಲ."

ಅಷ್ಟರಲ್ಲಿ ಅಂಗಡಿಯವರು ಊಟ ಮುಗಿಸಿ ಬಂದರು. ತಮ್ಮ ಬಾಗಿಲಲ್ಲೇ ಅಷ್ಟು ಜನ ನೋಡಿ ಗಾಬರಿಯಾಗಿ, ಏನ್ರಿ ಮುಗಿದೈತೆ ಎಂದು ನನ್ನ ಕಿವಿಯಲ್ಲಿ ಕೇಳಿದರು. ಉಪ್ಪು ಅಂತಾರೆ ಅಂದೆ. ಅವರು ಷಟರನ್ನು ಅರ್ಧ ಮಾತ್ರ ಎತ್ತಿ, ಬಗ್ಗಿ ಒಳಗೆ ಹೋಗಿ, ಮೊದಲು ತಮ್ಮ ಮನೆಗೆಂದು ಒಂದಿಷ್ಟು ಪ್ಯಾಕೆಟ್ ಕುರ್ಚಿಯ ಕೆಳಗೆ ತಳ್ಳಿದರು. ಅರ್ಧ ಷಟರ್ ನೋಡಿದ ಜನಕ್ಕೆ ಇನ್ನು ಅನುಮಾನವೇ ಉಳಿಯಲಿಲ್ಲ. ನೂಕುನುಗ್ಗಲಾಗಿ ಅಂಗಡಿಯ ಉಪ್ಪೆಲ್ಲ ಖಾಲಿಯಾಯಿತು. ಉಪ್ಪು ಹಿಡಿದು ಹೊರಟವರನ್ನು, ನಿಮಗೆ ಈ ಸುದ್ದಿ ಹೇಳಿದ್ದು ಯಾರು ಎಂದರೆ, ಚನ್ನಗಿರಿಯಿಂದ ಬಂತು ಎಂದರು.

ಮಳೆ ನಿಂತಿತು. ಸವಳಂಗದ ಬಸ್ಸೂ ಬಂದು ಹೋಯಿತು. ಆ ಮೊದಲಿಗ ಎರಡು ಕೈಯಲ್ಲೂ ಉಪ್ಪಿನ ಪ್ಯಾಕೆಟ್ ಹಿಡಿದು ಅಲ್ಲೇ ನಿಂತಿದ್ದ. ಯಾಕಪ್ಪ, ನೀನೂ ತಗೊಂಡೆಯಲ್ಲ ಎಂದೆ.

"ಎಲ್ಲಾರಿಗಿಂತ ಮುಂದೆ ನಿಂತಿದ್ದೀನಿ, ಸುಮ್ನೆ ಹೆಂಗ್ರಿ ಹೋಗಾಕೆ ಆಗ್ತೈತೆ?"

ಕಂಕುಳ ಕೂಸಿನ ಪಾಲು

ಚನ್ನಗಿರಿಯಲ್ಲಿ ಸುದ್ದಿ ಇನ್ನೂ ಮೈ ತುಂಬಿಕೊಂಡಿತ್ತು. ಉಪ್ಪಿನ ಲಾರಿಯೇ ಹೊನ್ನಾಳಿ ಹೊಳೆಗೆ ಬಿದ್ದು ಉಪ್ಪೆಲ್ಲ ಕರಗಿಹೋಗಿದೆ ಎಂದು ಅಡಿಕೆ ಮಂಡಿಯ ಮುಂದೆ ಮಾತಾಡಿಕೊಳ್ಳುತ್ತಿದ್ದರು. ಲಾರಿ ಬಿದ್ದಿದ್ದರೆ ಉಪ್ಪು ಹಾಕುವ ನನಗೆ ಗೊತ್ತಾಗುತ್ತಿರಲಿಲ್ಲವೇ ಎಂದೆ. ನೀವು ಲಾರಿ ಕಡೆಯವರು, ನೀವು ಹಂಗೇ ಹೇಳೋದು ಎಂದು ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕ್ವಿಂಟಲ್‌ಗಟ್ಟಲೆ ಅಡಿಕೆಯ ವ್ಯಾಪಾರವನ್ನು ಕಣ್ಣಳತೆಯಲ್ಲೇ ಮುಗಿಸುವವರು ಅವತ್ತು ಒಂದು ಪ್ಯಾಕೆಟ್ ಉಪ್ಪಿಗೆ ಮೊಣಕೈ ತಿವಿದಾಡುತ್ತಿದ್ದರು.

ಅಲ್ಲಿನ ನನ್ನ ಅಂಗಡಿಯವರು ಬುದ್ಧಿವಂತರು. ರಟ್ಟಿನ ಮೇಲೆ "ಒಬ್ಬರಿಗೆ ಒಂದೇ ಉಪ್ಪು" ಎಂದು ದಪ್ಪಗೆ ಬರೆದು ತೂಗುಹಾಕಿದರು. ಅದರಿಂದ ವ್ಯಾಪಾರ ಹಿಡಿತಕ್ಕೆ ಬರುತ್ತದೆ ಎಂದುಕೊಂಡರು. ಆಗಿದ್ದೇ ಬೇರೆ. ಚಹಾಪುಡಿಗೆ ಬಂದವರು ಬೋರ್ಡು ನೋಡಿ ಚಹಾಪುಡಿ ಮರೆತರು. ಒಬ್ಬರಿಗೆ ಒಂದೇ ಕೊಡುತ್ತಾರೆಂದರೆ ನಾಳೆ ಅದೂ ಇಲ್ಲ ಎಂದು ಲೆಕ್ಕ ಹಾಕಿ ಮನೆಗೆ ಫೋನು ಹಚ್ಚಿ ಎಲ್ಲರನ್ನೂ ಕರೆಸತೊಡಗಿದರು.

ಒಂದು ಮನೆಯವರಂತೂ ಆಟೋದಲ್ಲಿ ತುಂಬಿಕೊಂಡು ಬಂದರು. ಯಜಮಾನ, ಹೆಂಡತಿ, ತಮ್ಮ, ಊಟಕ್ಕೆಂದು ಬಂದಿದ್ದ ನೆಂಟರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಅಜ್ಜಿ. ಎಲ್ಲರಿಗೂ ಒಂದೊಂದು ಕೊಟ್ಟಾಯಿತು. ಅಜ್ಜಿ ಮಾತ್ರ ಕೌಂಟರ್ ಬಿಟ್ಟು ಕದಲಲಿಲ್ಲ, ಕೂಸಿಂದು ಎಲ್ಲಿ ಎಂದು ಕೈ ಚಾಚಿದರು. ಅಂಗಡಿಯವರಿಗೆ ತಾಳ್ಮೆ ತಪ್ಪಿತು.

"ಅಲ್ಲಬೇ, ಹಲ್ಲು ಬಂದಿಲ್ಲ ಅದಕ್ಕೆ. ಉಪ್ಪು ತಿನ್ನತೈತೇನು?"

"ಇವತ್ತು ತಿನ್ನಲ್ಲಪ್ಪ. ಇವ್ರು ಈಗ ತಗಂಡಿದ್ದು ಮುಗಿಯೋ ಹೊತ್ತಿಗೆ ತಿನ್ನತೈತೆ."

ಅಂಗಡಿಯವರು ಕೂಸಿನ ಪಾಲೂ ಕೊಟ್ಟರು. ಜನ ಕರಗಿದ ಮೇಲೆ ನಾನು ಸುದ್ದಿಯ ಮೂಲ ಕೇಳಿದೆ. ಜಗಳೂರಿಂದ ಬಂದ ಗಿರಾಕಿ ಹೇಳಿದ್ದು ಅಂದರು. ಹೊನ್ನಾಳಿ ಹೊಳೆಯ ಸುದ್ದಿ, ಪಕ್ಕದಲ್ಲೇ ಇರುವ ನ್ಯಾಮತಿಯನ್ನು ಬಿಟ್ಟು ಅಷ್ಟು ದೂರದ ಜಗಳೂರಿಗೆ ಯಾಕೆ ಹೋಯಿತು, ಹೋಗಿದ್ದು ಚನ್ನಗಿರಿ ಮೇಲೆ ಹಾಯ್ದು ವಾಪಸ್ ಯಾಕೆ ಬಂತು ಎಂದು ನನಗೆ ತಲೆಬುಡ ತಿಳಿಯಲಿಲ್ಲ.

ಬರಲಿ ಬಿಡಿ ಹೊಳೆ

ಮರುದಿನ ಜಗಳೂರಿನಲ್ಲಿ ಸುಡುಬಿಸಿಲು. ಮೋಡವೇ ಇಲ್ಲ. ಹೊಳೆಯೂ ಇಲ್ಲ, ಏರಲು ನೀರೂ ಇಲ್ಲ. ಆದರೂ ಅಲ್ಲಿ ಉಪ್ಪು ಖಾಲಿ, ಮೇಣದಬತ್ತಿ ಖಾಲಿ. ಇಷ್ಟಾದರೆ ಆಶ್ಚರ್ಯವಿರಲಿಲ್ಲ, ಪ್ಲಾಸ್ಟಿಕ್ ಕೊಡವೂ ಖಾಲಿಯಾಗಿತ್ತು. ಉಪ್ಪು ಕೊಳ್ಳುವುದು ಹೆದರಿಕೆಗೆ, ಕೊಡ ಯಾಕೆ ಎಂದು ಪಾತ್ರೆ ಅಂಗಡಿಯವರನ್ನು ಕೇಳಿದರೆ, ನನ್ನನ್ನು ಕೇಳಬೇಡಿ, ಅವರನ್ನೇ ಕೇಳಿ ಎಂದು ಹೊರಗೆ ಕೈ ತೋರಿಸಿದರು. ಕಟ್ಟೆಯ ಮೇಲೆ ಒಬ್ಬ ಅಜ್ಜಿ ಎರಡು ಹೊಸ ಕೊಡ ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ವ್ಯಾನಿಗೆ ಮೆತ್ತಿದ್ದ ಕೆಸರು ನೋಡಿ, ನೀನು ಹೊನ್ನಾಳಿಯವನಾ ಎಂದಳು. ಹೌದು ಅಂದೆ.

"ಹೊಳೆ ಬಂದೈತಂತೆ. ನಮ್ಮೂರಿಗೆ ಯಾವತ್ತು ಮುಟ್ಟತೈತಪ್ಪ?"

ಹೆದರಬೇಡಜ್ಜಿ, ಇಲ್ಲಿಗೆ ಬರೋದಿಲ್ಲ ಎಂದು ಧೈರ್ಯ ಹೇಳಿದೆ. ಅವಳ ಮುಖ ಸಪ್ಪಗಾಯಿತು. ಕೊಡಗಳನ್ನು ಎತ್ತಿಕೊಂಡು ಸೀದಾ ಅಂಗಡಿಯೊಳಗೆ ಹೋಗಿ, ಇವನ್ನು ವಾಪಸ್ ತಗೊಳ್ರಿ, ಹೊನ್ನಾಳಿಯವರು ನೀರು ಬಿಡೋದಿಲ್ಲವಂತೆ ಎಂದು ಜಗಳ ತೆಗೆದಳು.

ಸುದ್ದಿಯ ಬೇರು ಸಿಕ್ಕಿದ್ದು ಅಲ್ಲಿನ ಒಂದು ಮಂಡಕ್ಕಿ ಮೆಣಸಿನಕಾಯಿ ಹೋಟೆಲಿನಲ್ಲಿ. ಹೋಟೆಲಿನವನ ಅಕ್ಕನ ಮನೆ ಹೊನ್ನಾಳಿ ಹೊಳೆ ದಂಡೆಯಲ್ಲಿದೆ. ನೀರು ಏರಿತೆಂದು ನೋಡಲು ಹೋದವನು ಅಕ್ಕನಿಗೆ ಅದು ಇದು ಕೊಡಿಸಲು ಒಂದು ಗೂಡಂಗಡಿಗೆ ಹೋಗಿದ್ದನಂತೆ. ಎಲ್ಲ ಕೊಟ್ಟ ಅಂಗಡಿಯಾಕೆ ಉಪ್ಪು ಮಾತ್ರ ಕೊಡಲಿಲ್ಲವಂತೆ.

"ಮಧ್ಯಾಹ್ನ ಮೂರು ಗಂಟೆ ಕಣ್ರಿ. ಹಿಂದುಗಡೆ ಉಪ್ಪಿನ ಮೂಟೆ ಕಾಣ್ತೈತೆ. ಮೂಟೆ ಮುಂದೆ ಕೂತ್ಕಂಡು ಕೊಡಲ್ಲ ಅಂತಾಳಂದ್ರೆ ಒಳಗೆ ಏನೋ ಐತೆ ಅಂತ ಅರ್ಥ ಅಲ್ವಾ? ಊರಿಗೆ ಬಂದವನೇ ಎಲ್ಲಾರಿಗೂ ಹೇಳ್ದೆ, ಈಗ್ಲೇ ತಗಂಡಿಟ್ಕಳ್ರಿ ಅಂತ."

ಕಳ್ಳ ಸಿಕ್ಕಿದ, ನನ್ನ ಲೈನು ಉಳಿಯಿತು ಎಂದು ಹಿಗ್ಗಿ, ಅದು ಯಾವ ಅಂಗಡಿ ಎಂದೆ. ಪೇಟೆಯ ತಿರುವಿನಲ್ಲಿ, ಹಿಟ್ಟಿನ ಗಿರಣಿಯ ಪಕ್ಕ, ನೀಲಿ ಬಣ್ಣದ ತಗಡಿನ ಗೂಡಂಗಡಿ ಅಂದ. ನಾನು ಕಚ್ಚಿದ್ದ ಮೆಣಸಿನಕಾಯಿ ಬಜ್ಜಿಯನ್ನು ತಟ್ಟೆಗೆ ವಾಪಸ್ ಇಟ್ಟೆ. ಆ ನೀಲಿ ಬಣ್ಣ ಹೊಡೆದವನು ನಾನೇ. ಅದು ನಮ್ಮವ್ವನ ಅಂಗಡಿ.

ಸಾಹುಕಾರರು ಸಾಲಿನಲ್ಲಿ

ಚನ್ನಗಿರಿ ಮೇಲೆ ಸುತ್ತು ಹಾಕಿ ಸಂಜೆ ಹೊತ್ತಿಗೆ ಹೊನ್ನಾಳಿಗೆ ಬಂದರೆ, ಅಂಗಡಿ ಮುಂದಿನ ಬೆಂಚಿನ ಮೇಲೆ ಸಾಹುಕಾರರೇ ಕೂತು ಚಹಾ ಕುಡಿಯುತ್ತಿದ್ದಾರೆ. ಅವರ ಮಗಳನ್ನು ಕೊಟ್ಟಿದ್ದು ನಮ್ಮೂರಿಗೇ. ಹೊಳೆ ಏರಿತೆಂದು ಬೀಗರ ಯೋಗಕ್ಷೇಮ ಕೇಳಲು ಬಂದವರು, ಹಿಂದೆಯೇ ದಾವಣಗೆರೆ ರಸ್ತೆ ಬಂದ್ ಆಗಿ ರಾತ್ರಿ ಸುತ್ತು ದಾರಿ ಬೇಡವೆಂದು ಇಲ್ಲೇ ಉಳಿದುಕೊಂಡಿದ್ದರು. ನಮ್ಮವ್ವನಿಗೋ ಮಗನ ಸಾಹುಕಾರರು ಬಂದರೆಂದು ಸಂಭ್ರಮ. ಒಳಗೆ ದೇವರ ಫೋಟೋದ ಮುಂದೆ ದೀಪ ಉರಿಯುತ್ತಿತ್ತು.

ಏನಪ್ಪಾ, ಸಿಕ್ಕಿದನಾ ಎಂದು ಸಾಹುಕಾರರು ಕೇಳಿದರು. ಸುಳ್ಳು ಹೇಳೋಣವೆಂದರೆ ನಾಳೆ ಜಗಳೂರಿನವನೇ ಹೇಳಿಬಿಡುತ್ತಾನೆ. ಸಿಕ್ಕಿದ್ದಾರೆ, ನಿಮಗೆ ಚಹಾ ಕೊಟ್ಟವರೇ ಎಂದೆ.

ಸಾಹುಕಾರರು ಲೋಟ ಕೆಳಗಿಟ್ಟು ಅವ್ವನ ಕಡೆ ತಿರುಗಿದರು. ಅವ್ವ ಒಂದಿಷ್ಟೂ ಅಳುಕಲಿಲ್ಲ.

"ನಾನು ಉಪ್ಪು ಮುಗಿದೈತೆ ಅಂದಿಲ್ರಿ ಸಾವ್ಕಾರ್ರೆ. ಬೆಳಿಗ್ಗೆ ಬಾ ಅಂದೆ. ಅವತ್ತು ಮೋಡ ಕವಿದು ಕತ್ತಲಾಗಿತ್ತು, ಕರೆಂಟೂ ಇರ್ಲಿಲ್ಲ, ಮೂರಕ್ಕೇ ದೀಪ ಹಚ್ಚಿದ್ದೆ. ದೀಪ ಹಚ್ಚಿದ ಮೇಲೆ ಉಪ್ಪು ಹೆಂಗೆ ಕೊಡ್ಲಿ? ನೀವು ಕೊಡ್ತೀರಾ?"

ನಾನು ಸಾಹುಕಾರರ ಮುಖ ನೋಡಿದೆ. ಸಂಜೆ ಗೋದಾಮಿನಲ್ಲಿ ಲಕ್ಷ್ಮಿಗೆ ದೀಪ ಹಚ್ಚಿದ ಮೇಲೆ ಒಂದು ಹರಳು ಉಪ್ಪು ಆಚೆ ಹೋಗಲು ಬಿಡದ ಮನುಷ್ಯ ಅವರು. ಲಾರಿಗೆ ಉಪ್ಪು ತುಂಬುತ್ತಿದ್ದ ಹಮಾಲರನ್ನು ಅರ್ಧಕ್ಕೇ ನಿಲ್ಲಿಸಿ ಮನೆಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಅವರು ಗಡ್ಡ ಕೆರೆದುಕೊಂಡರು.

"ಕೊಡಲ್ಲಮ್ಮ. ನೀವು ಮಾಡಿದ್ದು ಸರಿಯಾಗೇ ಐತೆ."

ಆಮೇಲೆ ನನಗೆ, ಲೈನು ನಿನ್ನ ಹತ್ತಿರವೇ ಇರಲಿ ಎಂದರು. ಅಷ್ಟು ಸಂತೋಷ ನನಗೆ ಲೈನು ಮೊದಲು ಸಿಕ್ಕಾಗಲೂ ಆಗಿರಲಿಲ್ಲ.

ಆದರೆ ಸಾಹುಕಾರರು ಏಳಲಿಲ್ಲ. ಅತ್ತಿತ್ತ ನೋಡಿ ದನಿ ತಗ್ಗಿಸಿ ಅವ್ವನಿಗೆ ಒಂದು ಮಾತು ಹೇಳಿದರು. ನಮ್ಮ ಬೀಗರೇ ಉಪ್ಪಿನ ವ್ಯಾಪಾರಿ, ನಾವ್ಯಾಕೆ ಕ್ಯೂನಲ್ಲಿ ನಿಲ್ಲಬೇಕು ಎಂದು ಬೀಗರ ಮನೆಯವರು ಉಪ್ಪೇ ಕೊಂಡಿರಲಿಲ್ಲವಂತೆ. ಇವತ್ತು ಡಬ್ಬಿಯ ತಳ ಕಂಡಿದೆ. ಬೀಗಿತ್ತಿ ನಗುತ್ತಾ, ಬರುವಾಗ ಒಂದು ಪ್ಯಾಕೆಟ್ ತನ್ನಿ ಎಂದು ಕಳಿಸಿದ್ದಾರೆ. ಸಾಹುಕಾರರು ಪೇಟೆಯಲ್ಲೆಲ್ಲ ಕೇಳಿ ಬಂದಿದ್ದಾರೆ, ಅವ್ವನ ಮೂಟೆಯ ತಳದಲ್ಲಿ ಬಿಟ್ಟರೆ ಎಲ್ಲೂ ಇಲ್ಲ.

ಅವ್ವ ಒಮ್ಮೆ ದೀಪ ನೋಡಿದಳು, ಒಮ್ಮೆ ಸಾಹುಕಾರರನ್ನು ನೋಡಿದಳು.

"ಬೆಳಿಗ್ಗೆ ಬರ್ರಿ."

ಈಗಷ್ಟೇ ಸರಿ ಎಂದ ಬಾಯಲ್ಲಿ ತಪ್ಪು ಅನ್ನಲಾದೀತೇ? ಸಾಹುಕಾರರು ಕೈ ಮುಗಿದು ಹೋದರು. ಅವತ್ತು ರಾತ್ರಿ ಬೀಗರ ಮನೆಯಲ್ಲಿ, ಡಾಕ್ಟರು ನನಗೆ ಉಪ್ಪು ಬಿಡಲು ಹೇಳಿದ್ದಾರೆ, ನನಗೋಸ್ಕರ ಎಲ್ಲರೂ ಒಂದು ಹೊತ್ತು ಸಪ್ಪೆ ಉಣ್ಣಿರಿ ಎಂದು ಮಾನ ಉಳಿಸಿಕೊಂಡರಂತೆ.

ಬೆಳಿಗ್ಗೆ ಅವ್ವ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಸಾಹುಕಾರರು ಕೈಚೀಲ ಹಿಡಿದು ಹಾಜರ್. ಹಾಲಿನವನು ನೋಡಿದ. ಗಿರಣಿಯವನು ನೋಡಿದ. ಪೇಪರ್ ಹಾಕುವವನು ಸೈಕಲ್ ನಿಲ್ಲಿಸಿಯೇ ನೋಡಿದ. ದಾವಣಗೆರೆಯ ಉಪ್ಪಿನ ಸಾಹುಕಾರರೇ ಒಂದು ಪ್ಯಾಕೆಟ್ ಉಪ್ಪಿಗೆ ಗೂಡಂಗಡಿಯ ಮುಂದೆ ನಿಂತಿದ್ದಾರೆ ಎಂದಮೇಲೆ ಇನ್ನು ಕೇಳುವುದೇನಿದೆ? ನಾನು ಮುಖ ತೊಳೆದು ಹೊರಗೆ ಬರುವಷ್ಟರಲ್ಲಿ ಅವರ ಹಿಂದೆ ಸಾಲು ಗಿರಣಿ ದಾಟಿ ತಿರುವು ಹಾಯ್ದಿತ್ತು. ಸಾಹುಕಾರರು ಹಿಂದೆ ತಿರುಗಿ, ಗೋದಾಮಿಗೆ ಲೋಡು ಬರುತ್ತಿದೆ, ಉಪ್ಪು ಬೇಕಾದಷ್ಟಿದೆ, ಎಲ್ಲರೂ ಮನೆಗೆ ಹೋಗಿರಿ ಎಂದು ಕೂಗಿ ಹೇಳುತ್ತಿದ್ದರು. ಒಬ್ಬರೂ ಕದಲಲಿಲ್ಲ. ಹಾಗಾದರೆ ನೀವು ಮೊದಲು ಹೋಗ್ರಿ ಎಂದು ಹಿಂದಿನಿಂದ ಯಾರೋ ಅಂದರು.

ನನ್ನ ಫೋನು ಬಡಿದುಕೊಂಡಿತು. ನ್ಯಾಮತಿಯ ಅಂಗಡಿಯವರು. ಷಟರ್ ಅರ್ಧ ಇಳಿಸಿಯೇ ಮಾತಾಡುತ್ತಿದ್ದೇನೆ ಅಂದರು.

"ಮತ್ತೆ ಶುರುವಾತಲ್ರಿ. ಈ ಸಲ ಯಾರ್ರಿ ಹಬ್ಬಿಸಿದ್ದು?"

ಈ ಸಲ ನಾನು ವ್ಯಾನು ತೆಗೆಯಬೇಕಾಗಿರಲಿಲ್ಲ. ಫೋನನ್ನು ಸೀದಾ ಸಾಹುಕಾರರ ಕೈಗೆ ಕೊಟ್ಟೆ.