ಕೊಟ್ಟಾರದಲ್ಲೇ ಮುಗಿದ ನಮ್ಮ ವ್ಯಾನ್ ಪ್ರವಾಸ

ಸಂಸಾರವನ್ನು ವ್ಯಾನಿನೊಳಗೆ ತುಂಬಿಕೊಂಡು ಊರೂರು ಸುತ್ತುವುದು ಬಹಳ ಸುಲಭ. ಇದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಏಕೆಂದರೆ ನಾನು ಅದರ ಚಿತ್ರ ನೋಡಿದ್ದೆ!

ನಮ್ಮ ಹೆಂಚಿನ ಕಾರ್ಖಾನೆಯ ದೊರೆ ಇಂಗ್ಲೆಂಡಿಗೆ ಮರಳುವಾಗ ಬಿಟ್ಟುಹೋದ ಪತ್ರಿಕೆಯೊಂದರಲ್ಲಿ ಅದಿತ್ತು. ಹಸಿರು ಬಯಲು, ಜಿನುಗು ಮಳೆ, ಒಳಗೆ ಮಂಚ ಮತ್ತು ಒಲೆ ಇರುವ ಪುಟ್ಟ ವ್ಯಾನು. ಅದರ ಬಾಗಿಲಲ್ಲಿ ಚಹಾ ಕುಡಿಯುತ್ತಿರುವ ಗಂಡ ಹೆಂಡತಿ, ಕಾಲ ಬುಡದಲ್ಲಿ ನಾಯಿ. ಹಸಿರಿಗೂ ಮಳೆಗೂ ನಮ್ಮ ಮಂಗಳೂರಲ್ಲಿ ಏನು ಬರಗಾಲವೇ? ಹೆಂಡತಿ ಸರೋಜಿನಿ ಮೊದಲೇ ಇದ್ದಳು. ನಾಯಿ ಟಾಮಿ ಬಂದರಿನ ಮೀನು ಮಾರ್ಕೆಟ್ಟಿನಿಂದ ನನ್ನ ಚೀಲವನ್ನು ಮೂಸುತ್ತಾ ಮನೆಗೆ ಬಂದು ನೆಲೆಸಿತ್ತು. ಇನ್ನು ಬೇಕಾದದ್ದು ವ್ಯಾನು ಮಾತ್ರ.

ಅದನ್ನು ಬಂದರಿನ ಗೆಳೆಯ ಅದ್ರಾಮ ಬ್ಯಾರಿ ಒದಗಿಸಿದ. ಬ್ರೆಡ್ ಹೊತ್ತು ಹೊತ್ತು ಮುದಿಯಾದ ವ್ಯಾನು.

“ಗಾಡಿ ಚಿನ್ನ ಮಾರಾಯ! ಇಳಿಜಾರಲ್ಲಂತೂ ನೋಡುದೇ ಬೇಡ.”

“ಏರಿನಲ್ಲಿ?”

“ಏರಿಗೆ ನೀನು ಎಂತಕ್ಕೆ ಹೋಗುದು?”

ವ್ಯಾನಿನೊಳಗೆ ಒಂದು ಮಂಚ, ಒಲೆ ಹೂಡಿ, ಬರುವ ಭಾನುವಾರ ಹೊರಡುವುದೆಂದು ಮನೆಯಲ್ಲಿ ಘೋಷಿಸಿದೆ. ಆಟಿ ತಿಂಗಳು, ಅಂದರೆ ನಮ್ಮ ತುಳುನಾಡಿನ ಆಷಾಢ. ಸರೋಜಿನಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ನಿಮಗೆ ಮರ್ಲಾ? ಆಟಿಯಲ್ಲಿ ಮನುಷ್ಯರು ತಿರುಗಾಟಕ್ಕೆ ಹೋಗ್ತಾರಾ? ಈ ತಿಂಗಳು ತಿರುಗುದು ಕುಲೆಗಳು ಮಾತ್ರ.”

ಕುಲೆಗಳೆಂದರೆ ನಮ್ಮಲ್ಲಿ ತೀರಿಕೊಂಡವರ ಆತ್ಮಗಳು. “ಇಂಗ್ಲೆಂಡಿನಲ್ಲಿ ಆಟಿ ಇಲ್ಲ,” ಎಂದು ನಾನು ಗಂಭೀರವಾಗಿ ತೀರ್ಪು ಕೊಟ್ಟೆ.

ಉಡುಪಿ, ಕುಂದಾಪುರ, ಅಲ್ಲಿಂದ ಆಚೆ ದೇವರು ತೋರಿಸಿದ ಕಡೆ ಎಂಬುದು ನಮ್ಮ ಯೋಜನೆ. ಊಟ ಮುಗಿಸಿ ಹೊರಟೆವು. ನೆರೆಹೊರೆಯವರು ವಿಲಾಯತಿಗೆ ಕಳಿಸಿಕೊಡುವಂತೆ ಕೈಬೀಸಿದರು. ದಾರಿಯುದ್ದಕ್ಕೂ ನಿಂತು, ಕೆಮ್ಮಿ, ನಮ್ಮಿಂದ ತಳ್ಳಿಸಿಕೊಂಡು, ಮುಸ್ಸಂಜೆಗೆ ವ್ಯಾನು ಒಂದು ಮನೆಯ ಅಂಗಳದ ಮುಂದೆ ಕೊನೆಯುಸಿರೆಳೆಯಿತು. ಊರು ಯಾವುದು? ಮಂಗಳೂರಿನದೇ ಅಂಚಿನ ಕೊಟ್ಟಾರ! ನಡೆದೇ ಬಂದಿದ್ದರೆ ಚಹಾದ ಹೊತ್ತಿಗೆ ವಾಪಸು ಮನೆ ಸೇರಬಹುದಿತ್ತು.

ಮಳೆ ಜಿನುಗುತ್ತಿತ್ತು. ಮನೆಯ ಜಗಲಿಯಲ್ಲಿ ನಾಲ್ಕಾರು ಮಂದಿ ಒಳಬಾಗಿಲ ಕಡೆ ಮುಖಮಾಡಿ ಕುಳಿತಿದ್ದರು. ಅವರಲ್ಲಿ ವಯಸ್ಸಾದ ಹೆಂಗಸೊಬ್ಬರು ದಿಗ್ಗನೆದ್ದು ನಮ್ಮ ಕಡೆ ಕೂಗಿದರು:

“ಬಂದ್ಯಾ ಮಗಾ?”

ಹತ್ತಿರ ಬಂದು ನನ್ನ ಮುಖ ನೋಡಿ, “ಓ, ಬೇರೆಯವರು,” ಎಂದು ಅವರು ಕುಗ್ಗಿಹೋದರು. ಹೆಸರು ಕಮಲಕ್ಕ. ಸರೋಜಿನಿಯ ಕೈ ಹಿಡಿದು ಜಗಲಿಗೆ ಕರೆದೊಯ್ದರು. ಟಾಮಿಯನ್ನು ವ್ಯಾನಿನ ಚಕ್ರಕ್ಕೆ ಕಟ್ಟಿ ನಾನೂ ಹೋದೆ.

“ಮಗ ಬಂದರಿನಿಂದ ಮಂಜಿ ಹಡಗಿನಲ್ಲಿ ಸರಕಿನೊಟ್ಟಿಗೆ ಹೋದವ. ಮಂಜಿಯೂ ಬರ್ಲಿಲ್ಲ, ಅವನೂ ಬರ್ಲಿಲ್ಲ,” ಎಂದರು ಕಮಲಕ್ಕ. “ಆಟಿ ಅಲ್ವಾ, ಇವತ್ತು ಅವನ ಕುಲೆಗೆ ಬಡಿಸಿದ್ದು. ಒಳಗೆ ಎಲೆಯಲ್ಲಿ ಕೋರಿರೊಟ್ಟಿ ಉಂಟು, ಕೋಳಿ ಸಾರು, ಒಣರೊಟ್ಟಿ. ಬಂದು ತಿಂದರೆ ಕಡಲು ಬಿಟ್ಟು ಮನೆ ಸೇರಿದ ಅಂತ ಲೆಕ್ಕ. ನನಗೆ ಅಷ್ಟು ಸಾಕು.”

ಕೋಣೆಯ ಬಾಗಿಲು ಮುಚ್ಚಿತ್ತು. ಉಂಡಾಗುವವರೆಗೆ ಯಾರೂ ತೆರೆಯುವಂತಿಲ್ಲ. ಎಲ್ಲರೂ ಕಾದೆವು.

ಕಟುಂ!

ಒಳಗೆ ಒಣರೊಟ್ಟಿ ಮುರಿದ ಸದ್ದು. ಮತ್ತೆ ಕಟುಂ, ಕಟುಂ, ಆಮೇಲೆ ಅಗಿಯುವ ಸದ್ದು. ಕಮಲಕ್ಕನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. “ಬಂದ,” ಎಂದರು ಮೆಲ್ಲಗೆ, “ನನ್ನ ಮಗ ಬಂದ.”

ನಾನು ವ್ಯಾನಿನ ಕಡೆ ತಿರುಗಿದೆ. ಚಕ್ರದಲ್ಲಿ ಹಗ್ಗ ಮಾತ್ರ ನೇತಾಡುತ್ತಿತ್ತು! ಟಾಮಿ ಇಲ್ಲ! ಪಾಪದ ತಾಯಿಯ ಮಗನ ಊಟ ನನ್ನ ಕಳ್ಳ ನಾಯಿಯ ಹೊಟ್ಟೆಗೆ! ಅಯ್ಯೋ ದೇವರೇ, ಸುಮ್ಮನಿದ್ದರೆ ಮಹಾಪಾಪ ಅಂದುಕೊಂಡೆ.

“ಕಮಲಕ್ಕಾ, ಅದು ಮಗ ಅಲ್ಲ, ನಮ್ಮ ಟಾಮಿ!” ಎಂದು ಅರಚಿದೆ.

“ಸುಮ್ಮನಿರಿ ನೀವು!” ಎಂದು ಸರೋಜಿನಿ ನನ್ನ ಅಂಗಿ ಎಳೆದಳು. ಸತ್ಯವಂತನನ್ನು ತಡೆಯುವವರುಂಟೇ? ಬಾಗಿಲನ್ನು ದಡಾರನೆ ದೂಡಿದೆ.

ಸದ್ದು ಥಟ್ಟನೆ ನಿಂತಿತು.

ದೀಪ ಉರಿಯುತ್ತಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂದೇ ಕಿಟಕಿ, ಅದಕ್ಕೂ ಅಗುಳಿ. ಎಲೆಯಲ್ಲಿ ಕೋಳಿಯ ತುಂಡುಗಳು ಹಾಗೇ ಇದ್ದವು, ಒಣರೊಟ್ಟಿ ಅರ್ಧ ಖಾಲಿ. ಕೋಳಿ ಬಿಟ್ಟು ಒಣರೊಟ್ಟಿ ತಿನ್ನುವ ನಾಯಿ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ.

“ಅವ ಯಾವಾಗ್ಲೂ ಹಾಗೇ,” ಎಂದರು ನನ್ನ ಹಿಂದೆ ಕಮಲಕ್ಕ. “ಮೊದಲು ಒಣರೊಟ್ಟಿ ಮುರಿದು ತಿನ್ನುದು, ಕೋಳಿ ಆಮೇಲೆ.” ಅವರು ಎಲೆಯ ಕಡೆ ಕೈ ತೋರಿಸಿದರು. “ಅರ್ಧ ಊಟದಲ್ಲಿ ಎಬ್ಬಿಸಿದಿರಲ್ಲ ಮಾರಾಯ್ರೆ ನನ್ನ ಮಗನನ್ನು!”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಅಷ್ಟರಲ್ಲಿ ವ್ಯಾನಿನೊಳಗಿಂದ ಕುಂಯ್ ಎಂಬ ದನಿ ಕೇಳಿತು. ಟಾಮಿ ಹಗ್ಗ ಕಡಿದು ನಮ್ಮ ಮಂಚದ ಅಡಿ ಸೇರಿಕೊಂಡು ಗಡಗಡ ನಡುಗುತ್ತಿತ್ತು. ಅದಕ್ಕೆ ಮೊದಲೇ ಗೊತ್ತಾಗಿತ್ತು!

ಕಮಲಕ್ಕ ಕಣ್ಣೊರೆಸಿಕೊಂಡು ಹೊಸ ಎಲೆ ಹಾಕಿದರು. “ಇನ್ನೊಮ್ಮೆ ಕರಿತೇನೆ. ಹಸಿದವ, ದೂರ ಹೋಗಿರ್ಲಿಕ್ಕಿಲ್ಲ. ಇವರನ್ನು ಮಾತ್ರ ಸ್ವಲ್ಪ ಆಚೆ ಇಡಿ.”

ಸರೋಜಿನಿ ನನ್ನನ್ನು ವ್ಯಾನಿನೊಳಗೆ ದೂಡಿ, ಹೊರಗಿನಿಂದ ಚಿಲಕ ಹಾಕಿ, ಕಮಲಕ್ಕನ ಪಕ್ಕ ಹೋಗಿ ಕುಳಿತಳು. ನಾನು ಟಾಮಿಯನ್ನು ತೊಡೆಯ ಮೇಲೆ ಹಾಕಿಕೊಂಡು ಬಿಗಿಯಾಗಿ ಅಪ್ಪಿ ಹಿಡಿದೆ. ಬಹಳ ಹೊತ್ತಿನವರೆಗೆ ಮಳೆಯ ಸದ್ದು ಮಾತ್ರ ಇತ್ತು.

ಕಟುಂ.

ವ್ಯಾನಿನ ಕಿಟಕಿಯಿಂದ ನೋಡಿದೆ: ಜಗಲಿಯಲ್ಲಿ ಕಮಲಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಟಾಮಿ ನನ್ನ ತೊಡೆಯ ಮೇಲೇ ಇತ್ತು. ಈ ಸಲ ನಾನು ಬಾಗಿಲು ಬಿಡಿ, ಬಾಯಿಯನ್ನೂ ತೆರೆಯಲಿಲ್ಲ.