ಗೋಬರ್ ಗ್ಯಾಸ್ ಸಿನಿಮಾ, ಕಬ್ಬಾಳಮ್ಮನ ಹೂವು

ಬಿಸಿಲು, ಗಾಳಿ, ಸಗಣಿ, ಇವುಗಳಿಂದ ಶಕ್ತಿ ಪಡೆಯುವುದು ಹೇಗೆ ಅನ್ನುವ ಸಾಕ್ಷ್ಯಚಿತ್ರಗಳನ್ನು ಊರೂರಿಗೆ ಒಯ್ದು ತೋರಿಸುವುದು ನನ್ನ ಕೆಲಸ. ಹಣೆಯ ವಿಭೂತಿ ನೋಡಿ ಜನ ‘ಸ್ವಾಮ್ಯೋರು’ ಅಂತಾರೆ. ಚನ್ನಪಟ್ಟಣಕ್ಕೆ ಹೋಗಲಿ, ಕನಕಪುರಕ್ಕೆ ಹೋಗಲಿ, ಪರದೆ ಮೇಲೆ ಒಂದು ನಡೆದರೆ ಪರದೆ ಮುಂದೆ ಇನ್ನೊಂದು ನಡೆದೇ ನಡೆಯುತ್ತದೆ. ಆ ಎರಡನೆಯದನ್ನು ಭಗವಂತನೇ ತೋರಿಸುತ್ತಾನೆ ಅಂತ ನನ್ನ ನಂಬಿಕೆ.

ಎದ್ದು ನಿಂತ ಊರು

ಮಾಗಡಿ ಕಡೆಯ ಒಂದು ಹಳ್ಳಿ. ರಾಮಮಂದಿರದ ಬಿಳಿ ಗೋಡೆಯೇ ಪರದೆ. ಸೋಲಾರ್ ಚಿತ್ರ ಶುರುವಾಯಿತು. ಬೆಟ್ಟದ ಹಿಂದಿನಿಂದ ಸೂರ್ಯ ಕೆಂಪಗೆ ಮೇಲೆ ಬಂದ. ಮುಂದೆ ಕೂತಿದ್ದ ಹಿರಿಯರೊಬ್ಬರು ಹೆಗಲ ಟವೆಲ್ಲು ಸೊಂಟಕ್ಕೆ ಸುತ್ತಿ, ಎದ್ದು ಕೈಮುಗಿದರು. ಅವರನ್ನು ನೋಡಿ ಊರೇ ಎದ್ದಿತು. ನಾನೂ ಕೈಮುಗಿದೆ, ಗೋಡೆ ಮೇಲೆ ಬಂದರೂ ಸೂರ್ಯನಾರಾಯಣ ಸೂರ್ಯನಾರಾಯಣನೇ ಅಲ್ಲವೇ?

ತೊಂದರೆ ಏನೆಂದರೆ, ಆ ಚಿತ್ರದಲ್ಲಿ ಹೇಳಲು ಮಾತಿಲ್ಲದಾಗಲೆಲ್ಲ ಸೂರ್ಯ ಹುಟ್ಟುತ್ತಾನೆ. ಜನ ಕೂತರು, ಎದ್ದರು, ಮತ್ತೆ ಕೂತರು. ಕೊನೆಗೆ ಹಿರಿಯರು ಮಂಡಿ ಉಜ್ಜಿಕೊಳ್ಳುತ್ತಾ, “ಸ್ವಾಮ್ಯೋರೇ, ಸೂರ್ಯಪ್ಪನ್ನ ಒಸಿ ಮುಳುಗಿಸ್ಬುಡಿ” ಅಂದರು.

ಪರದೆಯ ಹಸು

ಕೈಲಾಂಚದ ಹತ್ತಿರದ ಊರೊಂದಕ್ಕೆ ಗೋಬರ್ ಗ್ಯಾಸ್ ಚಿತ್ರ ಒಯ್ದೆ. ಕರೆಸಿದ್ದು ಆ ಊರಿನ ಒಬ್ಬ ಸೊಸೆ. ಹಿಪ್ಪುನೇರಳೆ ಕಡ್ಡಿಯ ಒಲೆ ಊದಿ ಊದಿ ಆಕೆಯ ಕಣ್ಣು ಸದಾ ಕೆಂಪು. ಗಂಡ ಗ್ಯಾಸಿಗೆ ಒಪ್ಪಿದ್ದ, ಅತ್ತೆ ಹೂಂ ಅನ್ನಬೇಕಿತ್ತು. “ನಮ್ಮತ್ತೆಗೆ ಒಂದ್ಸಲ ತೋರ್ಸಿ ಸಾ” ಅಂತ ಕೇಳಿಕೊಂಡಿದ್ದಳು.

ನೋಡಲು ಕೂತವರೆಲ್ಲ ಹಸು ಸಾಕಿದವರು. ಪರದೆ ಮೇಲೆ ಹಸು ಬಂದಿದ್ದೇ ತಡ, ಒಬ್ಬ ಶುರು ಮಾಡಿದ. “ಮೂತಿ ಒಣಗೈತೆ ನೋಡ್ಲಾ, ಜ್ವರ ಬಂದೈತೆ ಅದಕ್ಕೆ.”

“ಜ್ವರ ಅಲ್ಲ ಕಣ್ಲಾ, ಮೇವು ಸಾಲ್ದು. ಪಕ್ಕೆ ನೋಡು,” ಅಂದ ಪಕ್ಕದವನು.

ಸಗಣಿ ಗುಂಡಿಗಿಳಿಯಿತು, ಗ್ಯಾಸು ಪೈಪಿಗೆ ಬಂತು, ಒಲೆ ಹತ್ತಿತು. ಅವರ ವಾದ ಮುಗಿಯಲಿಲ್ಲ. ಚಿತ್ರ ಮುಗಿದ ಮೇಲೆ, “ಏನಾದ್ರೂ ಕೇಳೋದಿದೆಯಾ?” ಅಂದೆ.

ಮೊದಲು ಶುರು ಮಾಡಿದವನೇ ಎದ್ದು ನಿಂತ. “ಡಾಕ್ಟ್ರುನ್ನ ಕರ್ಸಿದ್ರಾ ಸಾ?”

ಪುರಾಣದಲ್ಲಿಲ್ಲದ್ದು

ಮಾರನೆಯ ದಿನ ಆ ಸೊಸೆಯ ಮನೆಗೆ ಹೋದೆ. ಅತ್ತೆ ಜಗಲಿ ಮೇಲೆ ಕೂತಿದ್ದರು. “ಗೋವಿನ ಸಗಣಿ ಪವಿತ್ರ ಅಲ್ವೇನಮ್ಮ?” ಅಂದೆ.

“ನಾಟಿ ಹಸಿಂದು ಪವಿತ್ರ ಕಣಪ್ಪ. ನಮ್ಮನೇಲಿರೋದು ಸೀಮೆ ಹಸ. ಅದರ ಸಗಣೀಲಿ ಬೆನಕಪ್ಪನ್ನೇ ಮಾಡಾಕಿಲ್ಲ ನಾನು. ದೇವ್ರ ಎಡೆ ಹೆಂಗ್ ಬೇಯಿಸ್ಲಿ?”

ನಾನೋದಿದ ಯಾವ ಪುರಾಣದಲ್ಲೂ ಸೀಮೆ ಹಸು ಬರುವುದಿಲ್ಲ.

“ಕಬ್ಬಾಳಮ್ಮನ್ನೇ ಕೇಳ್ಬುಡಾನ,” ಅಂದರು ಅತ್ತೆ. “ಬಲಗಡೆ ಹೂ ಕೊಟ್ರೆ ಗುಂಡಿ ತೋಡ್ಸಿ. ಎಡಗಡೆ ಕೊಟ್ರೆ ಒಲೆನೇಯ.” ಬಾಗಿಲಲ್ಲಿ ನಿಂತಿದ್ದ ಸೊಸೆಯ ಮುಖ ಚಿಕ್ಕದಾಯಿತು.

ಅಮ್ಮನವರ ಮುಂದೆ

ಅತ್ತೆ ಸೊಸೆಯರಿಬ್ಬರನ್ನೂ ನನ್ನ ಜೀಪಿನಲ್ಲೇ ಕಬ್ಬಾಳಿಗೆ ಕರೆದೊಯ್ದೆ. ಅತ್ತೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ದೇವಿಯ ಮುಂದೆ ನಿಂತರು. ವಿಗ್ರಹದ ಮೇಲಿನ ಹೂ ಬೀಳಲಿಲ್ಲ. ಸೊಸೆ ಸೆರಗಿನ ತುದಿ ಹಿಂಡುತ್ತಿದ್ದಳು. ಆ ಕೆಂಪು ಕಣ್ಣು ನೋಡಿ ನಾನೂ ಒಳಗೊಳಗೇ ಬೇಡಿಕೊಂಡೆ. ಹಿಂದೆ ಸಾಲು ಬೆಳೆಯುತ್ತಾ ಹೋಯಿತು.

“ಏನವ್ವ, ಇನ್ನೂ ಕೇಳಿ ಆಗ್ಲಿಲ್ವಾ?” ಅಂದರು ಪೂಜಾರಿ.

“ಇರಪ್ಪ, ಈಗಿನ್ನೂ ಪೈಪ್ ತಾವ ಬಂದಿವ್ನಿ. ಆ ಸಿನಿಮಾ ತಾಯಿ ನೋಡಿಲ್ವಲ್ಲ.”

ಊರೆಲ್ಲ ಹಸುವಿನ ಮೂತಿ ನೋಡುತ್ತಿದ್ದಾಗ ಈಯಮ್ಮ ಒಬ್ಬರೇ ಇಡೀ ಚಿತ್ರ ನೋಡಿದ್ದರು. ಈಗ ಅದನ್ನೇ ಪಿಸುದನಿಯಲ್ಲಿ ದೇವಿಗೆ ಒಪ್ಪಿಸುತ್ತಿದ್ದರು: ಸಗಣಿ ಕಲಸುವುದು, ಗುಂಡಿ, ಪೈಪು, ಒಲೆ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ಕೊನೆಗೆ, “ಸಗಣಿ ಸೀಮೆ ಹಸಿಂದು ಕಣವ್ವ, ನಿನ್ನತ್ರ ಮುಚ್ಚಿಡಾಕಿಲ್ಲ” ಅಂದರು. ಆ ಮಾತು ಮುಗಿಯುವುದಕ್ಕೂ ಬಲಗಡೆಯಿಂದ ಹೂ ಜಾರುವುದಕ್ಕೂ ಸರಿಹೋಯಿತು.

ನನ್ನ ಮೈ ಜುಮ್ಮೆಂದಿತು. ಕೆನ್ನೆ ಕೆನ್ನೆ ಬಡಿದುಕೊಂಡೆ. ಪೂಜಾರಿ ಮಾತ್ರ ಹೂವನ್ನು ಅತ್ತೆಯ ಕೈಗಿಟ್ಟು ನನ್ನ ಕಡೆ ತಿರುಗಿ, “ನಮ್ಮೂರ್ಗೂ ತನ್ನಿ ಆ ಸಿನಿಮಾನ. ಅಮ್ನೋರೇ ಪಾಸ್ ಮಾಡವ್ರೆ” ಅಂದರು.

ನೀಲಿ ಉರಿ

ಗುಂಡಿ ಕಟ್ಟಿಸಿ, ಗ್ಯಾಸು ತುಂಬಿದ ದಿನ ನನ್ನನ್ನೂ ಕರೆದರು. ಅತ್ತೆಯೇ ಒಲೆಗೆ ಅರಿಶಿನ ಕುಂಕುಮ ಇಟ್ಟು ಕಡ್ಡಿ ಗೀರಿದರು. ಹೂವಿನ ಎಸಳಿನಂಥ ನೀಲಿ ಉರಿ ಎದ್ದಿತು. ಒಂದೆಳೆ ಹೊಗೆಯಿಲ್ಲ. ಎಷ್ಟು ಊರುಗಳಲ್ಲಿ ತೋರಿಸಿದ್ದರೂ ಎದುರಿಗೆ ಉರಿಯುವುದನ್ನು ನೋಡಿದಾಗ ನನಗೂ ಕಣ್ಣು ತುಂಬಿತು. ಸಗಣಿಯೊಳಗೆ ಇಂಥ ಜ್ಯೋತಿ ಬಚ್ಚಿಟ್ಟವನ ಲೀಲೆ ಏನೆನ್ನಲಿ? ಅತ್ತೆ ಒಲೆಗೆ ಅಡ್ಡಬಿದ್ದು ಎದ್ದರು.

ಸೊಸೆ ಆಸೆಯಿಂದ ಪಾತ್ರೆ ಹಿಡಿದು ಬಂದಳು.

“ನೀನು ಆ ಕಡೆ ಇರು,” ಅಂದರು ಅತ್ತೆ. “ಇದು ಅಮ್ಮ ಕೊಟ್ಟ ಉರಿ. ಮಡೀಲಿ ನಾನೇ ಅಡುಗೆ ಮಾಡ್ತೀನಿ. ಇವತ್ತಿಂದ ದಿನಾ.”

ಕೆಲವು ವಾರ ಬಿಟ್ಟು ಆ ದಾರಿಯಲ್ಲಿ ಹೋದೆ. ಅಡುಗೆಮನೆಯಲ್ಲಿ ಅತ್ತೆ ಮುದ್ದೆ ತಿರುವುತ್ತಿದ್ದರು. ಸೊಸೆ ಜಗಲಿ ಮೇಲೆ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದಳು. ಕಣ್ಣು ಬೆಳ್ಳಗಾಗಿತ್ತು.

“ಹೆಂಗಮ್ಮ ಗ್ಯಾಸು?” ಅಂದೆ.

ಆಕೆ ಒಳಗೆ ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿ ಹೇಳಿದಳು: “ಹೊಗೆ ತಪ್ಸವ್ವ ಅಂತ ಕೇಳ್ಕಂಡಿದ್ದೆ ಸಾ. ಕಬ್ಬಾಳಮ್ಮ ಅಡುಗೇನೇ ತಪ್ಪಿಸ್ಬುಟ್ಳು.”